ಇಡಾಲಿನಾ ಕಂಡೆನೆಂದ ಗೆರೆಗಳು

ಇಡಾಲಿನಾ ಪೂರ್ವ ಟಿಮೋರಿನ ಲಾಗಾ ಊರಿನವಳು. ಕಡಲ ಪಕ್ಕದಲ್ಲಿ ಉಪ್ಪು ಬೇಯಿಸುವ ಮನೆತನ. ಅವಳಿಗೂ ಅವಳಣ್ಣ ಮಾರ್ಸಾಲ್‌ಗೂ ಒಂದೇ ಕಣ್ಣಿನ ಕಾಯಿಲೆ, ನೋಟ ಅಂಚಿನಿಂದ ಒಳಗೊಳಗೇ ಮುಚ್ಚಿಕೊಂಡು ಬರುವಂಥದ್ದು. ಮೂವತ್ತು ತುಂಬುವ ಹೊತ್ತಿಗೆ ಮಾರ್ಸಾಲ್‌ಗೆ ಪೂರ್ತಿ ಕತ್ತಲಾಯಿತು. ಮನೆಯವರು ಬಾಗಿಲಿನಿಂದ ಬಚ್ಚಲಿನವರೆಗೆ ಹಗ್ಗ ಕಟ್ಟಿಕೊಟ್ಟರು. ಆಮೇಲೆ ಏಳು ವರ್ಷ ಅವನು ಆ ಹಗ್ಗ ಬಿಟ್ಟು ಎಲ್ಲೂ ಹೋಗಲಿಲ್ಲ, ಒಂದು ಜ್ವರದಲ್ಲಿ ತೀರಿಕೊಂಡ. ನಾನು ಹೇಳುತ್ತಿರುವುದು ನಡೆದಾಗ ಇಡಾಲಿನಾಗೆ ಮೂವತ್ತಾಗಲು ನಾಲ್ಕು ತಿಂಗಳಿತ್ತು.

ನಾನು ಅಬೀಲಿಯು, ನಮ್ಮ ರಾಜಧಾನಿ ದಿಲಿಯ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. ಲಿನೊ ಅನ್ನುವ ಕುರುಡ ಓಟಗಾರನ ಜೊತೆ ದಾರಿ ತೋರುತ್ತಾ ಓಡುವವನೂ ನಾನೇ. ಇಬ್ಬರ ಕೈಗೂ ಸೇರಿಸಿ ಗೇಣುದ್ದದ ದಾರ, ಕಿವಿಗೆ ನನ್ನ ಮಾತು, ಅಷ್ಟರಲ್ಲೇ ಅವನು ಓಡುತ್ತಾನೆ. ಆಗ್ನೇಯ ಏಷ್ಯಾದ ಅಂಗವಿಕಲರ ಕ್ರೀಡಾಕೂಟಕ್ಕೆ ಹೊರಡುವ ವಾರವೇ ಲಿನೊಗೆ ಡೆಂಗಿ ಹಿಡಿಯಿತು. ನನ್ನ ಟಿಕೆಟ್ ಆಗಿಹೋಗಿತ್ತು. ಚೀಲ ಹೊರುವುದಕ್ಕಾದರೂ ಬಾ ಅಂದರು ಕೋಚ್ ಜಸಿಂತು. ಟಿಮೋರಿನಿಂದ ನಾವು ಹೋದದ್ದು ಒಂಬತ್ತೇ ಜನ.

ಇಡಾಲಿನಾ ಓಡುತ್ತಿದ್ದದ್ದು ಸ್ವಲ್ಪ ಕಾಣುವವರ ವರ್ಗದಲ್ಲಿ, ಇನ್ನೂರು ಮೀಟರ್. ಬಿಳಿ ಗೆರೆ ನೋಡಿಕೊಂಡು ಒಬ್ಬಳೇ ಓಡುತ್ತಾಳೆ ಅಂತಲೇ ನಾವೆಲ್ಲ ನಂಬಿದ್ದೆವು. ಅಲ್ಲಿ ಮೊದಲ ದಿನ ಊಟಕ್ಕೆ ಕೂತಾಗ ಅವಳು ಹಾಕಿಕೊಂಡ ಅನ್ನ ತಟ್ಟೆಯ ಪಕ್ಕದಲ್ಲಿ ಮೇಜಿನ ಮೇಲೆ ಬಿತ್ತು. ಎದುರಿಗಿದ್ದ ಗುಂಡೆಸೆತದ ಹುಡುಗಿ, "ಏನೇ, ಮೇಜಿಗೂ ಹಸಿವಾಗಿದೆಯಾ?" ಅಂತ ಕಿಚಾಯಿಸಿದಳು. ಎಲ್ಲರೂ ನಕ್ಕರು, ಇಡಾಲಿನಾನೂ ನಕ್ಕಳು. ಆದರೆ ಮೇಜಿನ ಅಂಚು ಹಿಡಿದಿದ್ದ ಅವಳ ಬೆರಳು ಬಿಳಿಚಿಕೊಂಡಿದ್ದವು. ಅದನ್ನು ನೋಡಿದವನು ನಾನೊಬ್ಬನೇ.

ಮರುದಿನ ಕಣ್ಣಿನ ಪರೀಕ್ಷೆ. ಯಾರು ಯಾವ ವರ್ಗದಲ್ಲಿ ಓಡಬೇಕು ಅಂತ ವೈದ್ಯರೇ ತೀರ್ಮಾನ ಮಾಡುವುದು. ಬೆಳಿಗ್ಗೆ ಇಡಾಲಿನಾ ನನ್ನನ್ನು ಮೆಟ್ಟಿಲ ಹಿಂದಕ್ಕೆ ಕರೆದಳು.

"ಅಣ್ಣ, ದಿಲಿ ಆಸ್ಪತ್ರೆಲಿ ಕಣ್ಣು ಪರೀಕ್ಷೆ ಮಾಡೋ ಹಲಗೆಯ ಗೆರೆಗಳು ನನಗೆ ಬಾಯಿಪಾಠ. ಯಾವ್ಯಾವುದು ಯಾವ ಕಡೆ ತಿರುಗಿದೆ ಅಂತ ಹೇಳ್ತೀನಿ, ತಡವರಿಸ್ತೀನಾ ನೋಡು. ಮೇಲೆ, ಬಲ, ಬಲ, ಕೆಳಗೆ, ಎಡ."

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಸುಲಭದ ವರ್ಗ ಸಿಗಲೆಂದು, ಇರುವುದಕ್ಕಿಂತ ಕಡಿಮೆ ಕಾಣುತ್ತದೆ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದವರ ಕಥೆ ಬೇಕಾದಷ್ಟು ಕೇಳಿದ್ದೆ. ಇವಳು ಕಾಣುತ್ತದೆ ಅಂತ ಸುಳ್ಳು ಹೇಳಲು ಹೊರಟಿದ್ದಳು.

"ಎಷ್ಟು ದಿನದಿಂದ?" ಅಂತ ಕೇಳಿದೆ.

"ಮಳೆಗಾಲದಿಂದ. ಬಿಸಿಲು ನೆರಳು ಮಾತ್ರ ಗೊತ್ತಾಗತ್ತೆ, ಹೆಜ್ಜೆ ಎಣಿಸಿಕೊಂಡು ಓಡ್ತಿದೀನಿ. ಯಾರಿಗೂ ಹೇಳಬೇಡ. ಹೇಳಿದ್ರೆ ನನಗೂ ಹಗ್ಗ ಕಟ್ತಾರೆ."

ಪರೀಕ್ಷೆಯ ಕೋಣೆಗೆ ಜೊತೆಗೊಬ್ಬರು ಬರಬಹುದಿತ್ತು. ನಾನು ಅವಳ ಹಿಂದಿನ ಕುರ್ಚಿಯಲ್ಲಿ ಕೂತೆ. ವಯಸ್ಸಾದ ವೈದ್ಯೆ, ಪಕ್ಕದಲ್ಲಿ ನಮಗೂ ತಿಳಿಯುವ ಮಲಯ್ ಮಾತಾಡುವ ದುಭಾಷಿ. ಎದುರಿನ ಪರದೆಯ ಮೇಲೆ ಇಂಗ್ಲಿಷಿನ E ಅಕ್ಷರದಂಥ ಮೂರು ಕಾಲಿನ ಗುರುತೊಂದು ಮೂಡಿತು. ಯಾವ ಕಡೆ ತಿರುಗಿದೆ ಅಂತ ದುಭಾಷಿ ಕೇಳಿದ.

"ಮೇಲೆ," ಅಂದಳು ಇಡಾಲಿನಾ. ಅದು ಎಡಕ್ಕಿತ್ತು. "ಬಲ." ಅದು ಕೆಳಕ್ಕಿತ್ತು.

ವೈದ್ಯೆ ಗುರುತನ್ನು ದೊಡ್ಡದು ಮಾಡಿದರು, ಪರದೆಯನ್ನು ಹತ್ತಿರ ತಂದರು, ಇನ್ನೂ ಹತ್ತಿರ ತಂದರು. ಆಮೇಲೆ ಸದ್ದಿಲ್ಲದೆ ಗುಂಡಿ ಒತ್ತಿ ಅದನ್ನು ಆರಿಸಿಯೇಬಿಟ್ಟರು.

"ಬಲ," ಅಂದಳು ಇಡಾಲಿನಾ. "ಕೆಳಗೆ. ಎಡ."

ದನಿಯಲ್ಲಿ ಅಳುಕೇ ಇರಲಿಲ್ಲ. ಕಪ್ಪು ಪರದೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ನಾನು ಕೆಮ್ಮಿಯಾದರೂ ಎಚ್ಚರಿಸಬಹುದಿತ್ತು, ಎಚ್ಚರಿಸಲಿಲ್ಲ. ವೈದ್ಯೆ ಪೆನ್ನು ಕೆಳಗಿಟ್ಟು ಅವಳ ಮೊಣಕಾಲಿನ ಮೇಲೆ ಕೈಯಿಟ್ಟರು. ಆಗ ಅವಳಿಗೆ ಗೊತ್ತಾಯಿತು.

ಏನೂ ಕಾಣದವರ ವರ್ಗ ಅಂತ ಬರೆದುಕೊಟ್ಟರು. ಆ ವರ್ಗದಲ್ಲಿ ಎಲ್ಲರೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಜೊತೆಗಾರರ ದಾರ ಹಿಡಿದು ಓಡಬೇಕು. ದಾರಿ ತೋರುವವನೆಂದು ನನ್ನ ಹೆಸರು ಮೊದಲೇ ನೋಂದಣಿಯಾಗಿದ್ದರಿಂದ ಅವಳ ಜೊತೆ ಓಡಲು ನನಗೆ ಒಪ್ಪಿಗೆ ಸಿಕ್ಕಿತು. ಓಟಕ್ಕೆ ಎರಡೇ ದಿನವಿತ್ತು. ಬೇಡವಾದರೆ ಓಡುವುದು ಬೇಡ ಅಂದರು ಜಸಿಂತು. ಅವಳು ಶೂ ಕಟ್ಟಿಕೊಂಡು ನನ್ನ ಜೊತೆ ಹೊರಟಳು.

ಅಭ್ಯಾಸದ ಮೈದಾನದಲ್ಲಿ ಪಟ್ಟಿ ಕಟ್ಟಿದ್ದೇ ಅವಳಿಗೆ ಆ ಬಿಸಿಲು ನೆರಳೂ ಇಲ್ಲವಾಯಿತು. ಇಪ್ಪತ್ತು ಹೆಜ್ಜೆ ಓಡಿ ಕುಸಿದು ಕೂತಳು. ಮುಂದೆ ಗೋಡೆಯಿದೆ ಅಂದಳು. ಇಲ್ಲ ಅಂದೆ. ಇದೆ, ಮುಖಕ್ಕೆ ತಾಗುತ್ತಿದೆ ಅಂದಳು. ಅವಳ ಕೈ ಹಿಡಿದು ನಡೆಸಿಕೊಂಡು ಹೋಗಿ ಆ ಜಾಗದಲ್ಲೆಲ್ಲ ಗಾಳಿ ಮುಟ್ಟಿಸಿದೆ. ಆ ದಿನ ಹನ್ನೊಂದು ಸಲ ನಿಂತಳು. ಮರುದಿನ ನಾಲ್ಕು ಸಲ. ಒಮ್ಮೆಯೂ ನಿಲ್ಲದೆ ಇನ್ನೂರು ಮೀಟರ್ ಮುಗಿಸಿದ್ದೇ ಇಲ್ಲ.

ಓಟದ ದಿನ ನಾಲ್ಕು ಜೋಡಿ. ಗುಂಡಿನ ಸದ್ದಿಗೆ ಹೊರಟೆವು. ನನಗೂ ಹೆದರಿಕೆ. ಅವಳಿಗಿಂತ ಮೊದಲು ನಾನು ಗೆರೆ ದಾಟಿದರೆ ಓಟವೇ ರದ್ದು, ನಾನು ಒಂದು ಮಾತು ತಪ್ಪಿದರೆ ಅವಳು ಬೀಳುತ್ತಾಳೆ. "ಎಡಕ್ಕೆ, ಎಡಕ್ಕೆ, ಇನ್ನೂ ಎಡಕ್ಕೆ" ಅನ್ನುತ್ತಲೇ ಇದ್ದೆ. ತಿರುವಿನ ನಡುವೆ ಪಕ್ಕದ ಜೋಡಿ ಧಪಧಪ ದಾಟಿಹೋಯಿತು. ಇಡಾಲಿನಾ ಬೆಚ್ಚಿ ಹೆಜ್ಜೆ ತಪ್ಪಿದಳು, ದಾರ ಬಿಗಿಯಾಯಿತು. ನಿಂತೇಬಿಟ್ಟಳು ಅಂದುಕೊಂಡೆ.

"ಅಣ್ಣ, ಮಾತು ನಿಲ್ಲಿಸಬೇಡ," ಅಂದಳು ಏದುಸಿರಿನಲ್ಲಿ.

ಭಯಕ್ಕೆ ನಾನೇ ಬಾಯಿ ಮುಚ್ಚಿಕೊಂಡಿದ್ದೆ. ಮತ್ತೆ ಶುರು ಮಾಡಿದೆ. ನೇರಕ್ಕೆ ಬಂದಮೇಲೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ಸುಮ್ಮನೆ ಅವಳ ಹೆಸರನ್ನೇ ಕೂಗುತ್ತಾ ಓಡಿದೆ. ನಾಲ್ಕನೆಯವರಾಗಿ, ಅಂದರೆ ಕೊನೆಯವರಾಗಿ ಗೆರೆ ದಾಟಿದೆವು. ಅವಳು ಬಗ್ಗಿ ನಿಂತು ವಾಂತಿ ಮಾಡಿಕೊಂಡಳು. ಬಹಳ ಹೊತ್ತು ಕಣ್ಣಿನ ಪಟ್ಟಿ ಬಿಚ್ಚಲಿಲ್ಲ.

ಲಿನೊ ಈಗ ಚೇತರಿಸಿಕೊಂಡಿದ್ದಾನೆ. ಬೆಳಿಗ್ಗೆ ಅವನ ಜೊತೆ, ಸಂಜೆ ದಿಲಿಯಲ್ಲೇ ಉಳಿದಿರುವ ಇಡಾಲಿನಾ ಜೊತೆ ಓಡುತ್ತೇನೆ. ಲಾಗಾದಲ್ಲಿ ಅವಳ ತಾಯಿಗೆ ಇನ್ನೂ ವಿಷಯ ಗೊತ್ತಿಲ್ಲ, ಕ್ರಿಸ್‌ಮಸ್‌ಗೆ ಹೋದಾಗ ಹೇಳುತ್ತೇನೆ ಅಂದಿದ್ದಾಳೆ. ಹೆದರಿಕೆ ಹೋಗಿಲ್ಲ. ಮೈದಾನದಲ್ಲಿ ನಾಯಿ ಬೊಗಳಿದರೂ ನನ್ನ ಮಣಿಕಟ್ಟು ಹಿಡಿದುಬಿಡುತ್ತಾಳೆ. ಉಗುರಿನ ಗುರುತು ನೋಡಿ, ಯಾರಪ್ಪಾ ಪರಚಿದ್ದು ಅಂತ ಲಿನೊನ ಹೆಂಡತಿ ನಗುತ್ತಾಳೆ.