ಪೆಂಗ್ವಿನ್ ಮನೆ ಸೇರುವ ಹೊತ್ತು

ಕ್ಯಾಟ್ಲಿನ್ಸ್ ಕರಾವಳಿಯನ್ನು ಐಲ್ಸಾ ಯಾರಿಗೆಲ್ಲ ತೋರಿಸಲಿಲ್ಲ! ಬೆಳಿಗ್ಗೆ ಪ್ರವಾಸಿಗರನ್ನು ವ್ಯಾನಿಗೆ ಹತ್ತಿಸಿಕೊಂಡಳೆಂದರೆ ದೀಪಸ್ತಂಭ, ಬಂಡೆಗಳ ಮೇಲೆ ಮೈಚೆಲ್ಲಿದ ಸೀಲ್‌ಗಳು, ಮರಳಲ್ಲಿ ಗೊರಕೆ ಹೊಡೆಯುವ ಕಡಲಸಿಂಹಗಳು, ನಡುವೆ ಬಿಸಿ ಚೀಸ್ ರೋಲು, ಚಹಾ. ಸಂಜೆಗೆ ತನ್ನ ಮನೆಯ ಹಿಂದಿನ ಗುಡ್ಡದಾಚೆಯ ಕೊಲ್ಲಿಯಲ್ಲಿ ಹಳದಿ ಕಣ್ಣಿನ ಪೆಂಗ್ವಿನ್. ಎಲ್ಲೆಲ್ಲಿಂದಲೋ ಬಂದವರು ನೋಡಿ ಹೋದರು. ಆ ಪೆಂಗ್ವಿನ್ ನೋಡದೆ ಉಳಿದವನು ಅವಳ ಗಂಡ ಫರ್ಗಸ್ ಒಬ್ಬನೇ. ಐಲ್ಸಾ ಊರಿಗೆ ಉಪಕಾರಿ, ಮನೆಗೆ ಮಾರಿ.

ಪೆಂಗ್ವಿನ್ ದಡ ಹತ್ತುವ ಹೊತ್ತೂ ಫರ್ಗಸ್ ಹಾಲು ಕರೆಯುವ ಹೊತ್ತೂ ಒಂದೇ. ಹಕ್ಕಿ ಗುಡ್ಡದ ಪೊದೆಯಲ್ಲಿದ್ದ ಗೂಡು ಸೇರಿದೊಡನೆ ಜೋಡಿ ಎರಡೂ ಕೂಡಿ ಕಿರುಚಾಡುವುದು ಕೊಟ್ಟಿಗೆಯವರೆಗೂ ಕೇಳುತ್ತಿತ್ತು.

"ನಿನ್ನ ನೆಂಟ ಮನೆ ಸೇರಿದ್ದು ಕೇಳಿಸ್ತು ಕಣೇ. ಆ ಹೆಂಡ್ತಿ ಗಂಡನ್ನ ಏನ್ ಬೈತಾಳೆ!" ಎಂದು ಊಟಕ್ಕೆ ಕೂತಾಗ ನಗುತ್ತಿದ್ದ. ಆಮೇಲೆ ಮೆಲ್ಲಗೆ, "ಒಂದಿನ ನನ್ನನ್ನೂ ಕರ್ಕೊಂಡು ಹೋಗು. ಹಸುಗಳನ್ನ ಪಕ್ಕದ ಮನೆಯೋನು ನೋಡ್ಕೋತಾನೆ."

"ಸೀಟಿಲ್ಲ ಮಾರಾಯ. ಕೊಲ್ಲಿ ಏನು ಓಡಿಹೋಗುತ್ತಾ?"

ಸೀಟು ಇರುತ್ತಿತ್ತು. ಗಮ್‌ಬೂಟು ಮೆಟ್ಟಿಕೊಂಡು, ಸಗಣಿ ವಾಸನೆ ಹೊತ್ತು ಬಂದು, ತನ್ನ ಕತೆಗಳಿಗೆಲ್ಲ ಅಡ್ಡಬಾಯಿ ಹಾಕುತ್ತಾನೆಂದು ಅವಳಿಗೆ ನಾಚಿಕೆ. ಅದನ್ನು ನೆನೆದರೆ ಈಗ ತನ್ನ ಮೇಲೇ ಹೇಸಿಗೆಯಾಗುತ್ತದೆ. ಕೊಲ್ಲಿ ಎಲ್ಲಿಗೂ ಓಡಿಹೋಗಲಿಲ್ಲ, ಹೋದದ್ದು ಫರ್ಗಸ್‌ನ ಕಣ್ಣು. ಡಾಕ್ಟರು ಕೈಚೆಲ್ಲಿದರು, ಹಸುಗಳನ್ನು ಮಾರಿದ್ದಾಯಿತು.

ಆ ಬೇಸಿಗೆಯಲ್ಲಿ ಐಲ್ಸಾ ತಾನೇ ಕರೆದು ಅವನನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದಳು. ಅವನು ದಿನವಿಡೀ ಎಲ್ಲರನ್ನೂ ನಗಿಸಿದ.

"ಇವಳು ಹೇಳೋದ್ರಲ್ಲಿ ಅರ್ಧ ನಂಬಿ, ಸಾಕು. ಮದುವೆಯಾದ ಹೊಸದ್ರಲ್ಲಿ ಕಡಲಸಿಂಹ ಅಟ್ಟಿಸ್ಕೊಂಡು ಬಂದಾಗ ಇವಳು ಹತ್ತಿದ್ದು ಬಂಡೆ ಅಲ್ಲ, ನನ್ನ ಹೆಗಲು!"

ಐಲ್ಸಾಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಇಂಥವನನ್ನು ಇಷ್ಟು ವರ್ಷ ಮನೆಯಲ್ಲೇ ಬಿಟ್ಟು ಬಂದೆನಲ್ಲ ಎಂದು ಹಳಹಳಿಸಿದಳು. ಇವತ್ತು ಪೆಂಗ್ವಿನ್ ಒಂದನ್ನಾದರೂ ಅವನಿಗೆ ದಕ್ಕಿಸಬೇಕು ಎಂದುಕೊಂಡಳು.

ಸಂಜೆ ಕೊಲ್ಲಿಯ ಹಲಗೆ ಮರೆಯ ಹಿಂದೆ ಎಲ್ಲರನ್ನೂ ಕೂರಿಸಿ ಎಂದಿನಂತೆ ಎಚ್ಚರಿಸಿದಳು: "ಇನ್ಮೇಲೆ ಬಾಯಿಗೆ ಬೀಗ. ಮನುಷ್ಯರ ಸದ್ದು ಕೇಳಿದ್ರೆ ಅದು ವಾಪಸ್ ನೀರಿಗೆ ಓಡುತ್ತೆ. ಮರಿ ಉಪವಾಸ."

ಅಲೆಯೊಳಗಿಂದ ಪೆಂಗ್ವಿನ್ ಎದ್ದು ಬಂತು. ಎಲ್ಲರೂ ಹಲಗೆಯ ಸಂದಿಗೆ ಕಣ್ಣಿಟ್ಟರು. ಫರ್ಗಸ್ ಮಾತ್ರ, ಹೇಳುತ್ತಾಳೇನೋ ಎಂದು, ಅವಳತ್ತ ಮುಖ ತಿರುಗಿಸಿ ಕೂತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಬಂತು ಕಣೋ," ಎಂದು ಅವನ ಕಿವಿಯಲ್ಲಿ ಉಸುರಿದಳು. "ತಲೆ ಸುತ್ತ ಹಳದಿ ಪಟ್ಟಿ. ಹೊಟ್ಟೆ ಮುಂದೆ ಮಾಡ್ಕೊಂಡು, ಥೇಟ್ ನಿನ್ನ ಹಾಗೇ ನಡೀತಿದೆ."

ಫರ್ಗಸ್ ಫಕ್ಕನೆ ನಕ್ಕುಬಿಟ್ಟ.

ಹಕ್ಕಿ ನಿಂತಿತು. ಮರೆಯ ಕಡೆ ಕತ್ತು ಎತ್ತಿ ನೋಡಿತು. ತಿರುಗಿ, ಎದ್ದುಬಿದ್ದು ಓಡಿ ಅಲೆಯಲ್ಲಿ ಮುಳುಗಿತು. ಪ್ರವಾಸಿಯೊಬ್ಬಳು ಏನೋ ಹೇಳಲು ಬಾಯಿ ತೆರೆದಳು. ಐಲ್ಸಾ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದಳು.

"ಈಗೆಲ್ಲಿದೆ?" ಎಂದು ಫರ್ಗಸ್ ಪಿಸುಗುಟ್ಟಿದ.

"ಗುಡ್ಡ ಹತ್ತಿ ಮರಿ ಹತ್ರ ಹೋಯ್ತು."

ಅವನು ತಲೆಯಾಡಿಸಿದ. ಗುಡ್ಡದ ಕಡೆ ಕಿವಿಗೊಟ್ಟು ಬಹಳ ಹೊತ್ತು ಕೂತ. ಅಲೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ತಡಕಾಡಿ ಅವಳ ಕೈ ಹಿಡಿದುಕೊಂಡ.

"ಇವತ್ತು ಹೆಂಡ್ತಿ ಬೈಲೇ ಇಲ್ವಲ್ಲೇ," ಎಂದ.