ಊಟಕ್ಕೆ ಕರೆದ ದನಿ

ಚಳ್ಳಕೆರೆಯಲ್ಲಿ ಆ ದೊಡ್ಡ ಸಾಹಿತಿ ಬದುಕಿದ್ದ ಮನೆಯನ್ನು ಅವರು ತೀರಿಕೊಂಡ ಮೇಲೆ ಮ್ಯೂಸಿಯಂ ಮಾಡಿದರು. ಆ ಮನೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವಳು ನನ್ನ ಅವ್ವ. ಅವಳೂ ಹೋಗಿ ಒಂಬತ್ತು ವರ್ಷವಾಗಿತ್ತು. ಮೊಳಕಾಲ್ಮೂರಿಗೆ ಕೊಟ್ಟಿದ್ದ ಅಕ್ಕ ಮನೆಗೆ ಬಂದಾಗ, "ಒಂದ್ಸಲ ಒಳಗೋಗಿ ನೋಡಾನ ನಡಿಯೋ," ಎಂದಳು. ಚಿಕ್ಕವರಿದ್ದಾಗ ನಾವು ಹಿತ್ತಲ ಬಾಗಿಲು ದಾಟಿದವರಲ್ಲ.

ಮುಂದಿನ ಕೋಣೆಯಲ್ಲಿ ಕನ್ನಡಕ, ಪೆನ್ನು, ಶಾಲುಗಳು ಗಾಜಿನೊಳಗಿದ್ದವು. ಅಡುಗೆಮನೆಯಲ್ಲಿ ಈಗ ಪುಸ್ತಕ ಮಾರುತ್ತಿದ್ದರು. ಒಲೆಯಿದ್ದ ಗೋಡೆಗೆ ಬಿಳಿ ಬಣ್ಣ ಬಳಿದಿದ್ದರು. ಅಕ್ಕ ಅದನ್ನು ಅಂಗೈಯಿಂದ ಮುಟ್ಟಿ ನೋಡಿದಳು.

"ಅಯ್ಯೋರ ದನಿ ಕೇಳ್ತೀರೇನ್ರಿ?" ಎಂದು ಮನೆ ನೋಡಿಕೊಳ್ಳುವ ಮುದುಕರು ಒಂದು ಸ್ವಿಚ್ ಒತ್ತಿದರು. ಹಳೇ ಕ್ಯಾಸೆಟ್ಟಿನಲ್ಲಿ ಸಿಕ್ಕಿದ್ದಂತೆ. ಸಾಹಿತಿ ತಮ್ಮ ಕಥೆಯನ್ನು ತಾವೇ ಓದುತ್ತಿದ್ದರು. ನಡುವೆ, ದೂರದಿಂದೆಂಬಂತೆ, ಒಂದು ಹೆಣ್ಣು ದನಿ: "ಊಟಕ್ಕೆ ಬರ್ರಿ ಅಯ್ಯೋರೆ, ಸಾರು ಆರ್ತೈತೆ."

ಅದು ಅವ್ವನ ದನಿ. ಅವ್ವನ ಫೋಟೋ ಒಂದು ನಮ್ಮಲ್ಲಿತ್ತು, ದನಿ ಇರಲಿಲ್ಲ. ಅಕ್ಕ ನನ್ನ ತೋಳು ಹಿಡಿದುಕೊಂಡಳು. "ಬಂದೆ" ಎಂದ ಸಾಹಿತಿ ಓದುತ್ತಲೇ ಹೋದರು. ಸ್ವಲ್ಪ ಹೊತ್ತಿಗೆ ಅವ್ವ ಮತ್ತೆ ಕರೆದಳು, ಮೊದಲಿಗಿಂತ ಮೆಲ್ಲಗೆ.

"ಆ ಸದ್ದು ತೆಗಿಸ್ಬೇಕು ಅಂತ ಹೇಳೀವಿ, ಇನ್ನೂ ಆಗಿಲ್ಲ," ಎಂದರು ಮುದುಕರು.

"ಅದು ನಮ್ಮವ್ವ ಕಣ್ರಿ," ಎಂದೆ.

ಅವರು ನಮ್ಮಿಬ್ಬರ ಮುಖ ನೋಡಿ, ಕುರ್ಚಿ ಎಳೆದು ಅಕ್ಕನನ್ನು ಕೂರಿಸಿದರು. ಮತ್ತೊಮ್ಮೆ ಹಾಕಿಸಿ ಫೋನಿನಲ್ಲಿ ಹಿಡಿದುಕೊಳ್ಳುತ್ತೇನೆ ಎಂದೆ. ಅಕ್ಕ ಬಿಡಲಿಲ್ಲ.

"ಬ್ಯಾಡ ಕಣೋ. ಅಯ್ಯೋರು ಉಂಡು ಏಳೋವರ್ಗೂ ಅವ್ವ ಮನೆಗೆ ಬರ್ತಿರ್ಲಿಲ್ಲ. ನಾವಿಬ್ರೂ ಹಸ್ಕೊಂಡು ಹೊಸ್ತಿಲಾಗೆ ಕುಂತಿರ್ತಿದ್ವಿ, ಮರ್ತೆಯಾ? ಸತ್ ಮ್ಯಾಲೂ ಇಲ್ಲೇ ಕಾಯ್ತಾ ಐದಾಳಲ್ಲೋ."

ಅವಳು ಎದ್ದು ಹೊರಗೆ ಹೋದಳು. ಬಾಗಿಲಾಚೆ ಚಪ್ಪಲಿ ಹುಡುಕುತ್ತಿದ್ದಾಗ ನಾನು ಮುದುಕರಿಗೆ ಸನ್ನೆ ಮಾಡಿದೆ. ಅವರು ಸದ್ದು ತಗ್ಗಿಸಿ ಸ್ವಿಚ್ ಒತ್ತಿದರು, ನಾನು ಫೋನಿನಲ್ಲಿ ಹಿಡಿದುಕೊಂಡೆ.

ಅಕ್ಕ ಊರಿಗೆ ಹೋದ ಮಾರನೆಯ ದಿನ, ಮಧ್ಯಾಹ್ನ, ಕೋಣೆಯಲ್ಲಿ ಒಬ್ಬನೇ ಕೂತು ಅದನ್ನು ಹಾಕಿದೆ. ಹೆಂಡತಿ ಒದ್ದೆಗೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು.

"ಅತ್ತೆ ಕರ್ದಂಗಾತಲ್ರೀ," ಎಂದಳು.

ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅಕ್ಕನಿಗೆ ಮಾತ್ರ ಇವತ್ತಿಗೂ ಹೇಳಿಲ್ಲ. ಅಳಿಸಬೇಕೆಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡಿದ್ದೇನೆ, ಬೆರಳು ಮುಂದಕ್ಕೆ ಹೋಗುವುದಿಲ್ಲ.