ಹೂಂ ಅನ್ನುತ್ತಿದ್ದ ರಾಯಪ್ಪ

ಕಳೆದ ಸೋಮವಾರ ಬೆಳಿಗ್ಗೆ ಖಾನಾಪುರದ ತನ್ನ ಮನೆಯಲ್ಲಿ ರಾಯಪ್ಪ ತೀರಿಕೊಂಡ. ಮೂತ್ರಪಿಂಡದ ಕಾಯಿಲೆ ಅವನನ್ನು ಬಹಳ ಹಿಂಡಿತ್ತು. ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ಅಳು ಬಂದದ್ದು ಆಮೇಲೆ, ಬಸ್ಸಿನಲ್ಲಿ.

ಬೆಳಗಾವಿಯ ಒಂದು ಸಣ್ಣ ರೇಡಿಯೊ ಕೇಂದ್ರದಲ್ಲಿ ನನ್ನ ಜೊತೆಗೆ ಅವನು ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದ. ಶುಕ್ರವಾರದ ಅರ್ಧ ಗಂಟೆ ಅವನದು: ಖಾನಾಪುರದ ಕಡೆಯ ಕುರುಬರ ಹಾಡುಗತೆಗಳು, ಅರ್ಧ ಕನ್ನಡ, ಅರ್ಧ ಮರಾಠಿ. ಹೆಚ್ಚಿನವನ್ನು ಹಾಡಿದವಳು ಅವನ ಅಕ್ಕ ಸಿದ್ದಕ್ಕ. ಅವಳು ಹಾಡುವುದಕ್ಕೆ ಒಂದು ಕಟ್ಟಳೆ ಇತ್ತು. ಸಾಲು ಮುಗಿದಾಗಲೆಲ್ಲ ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು. ಅನ್ನದಿದ್ದರೆ ಹಾಡಿನೊಳಗಿನ ಕುರಿಗಳು ಹಟ್ಟಿ ಸೇರುವುದಿಲ್ಲ ಎಂದು ಅವರ ಮನೆಯವರ ನಂಬಿಕೆ. ಹಾಗಾಗಿ ಯಂತ್ರ ನಡೆಸುತ್ತಲೇ ರಾಯಪ್ಪ ಹೂಂಗುಟ್ಟುತ್ತಿದ್ದ. ಅವನ ಪ್ರತಿ ಟೇಪಿನಲ್ಲೂ ಆ ದನಿ ಇದೆ.

ಕಾಯಿಲೆ ಬಿದ್ದ ಮೇಲೆ ಅವನಿಗೆ ಟೇಪುಗಳದೇ ಚಿಂತೆ. ಅವಕ್ಕೆ ಬೂಷ್ಟು ಹಿಡಿಯುತ್ತಿತ್ತು. ಹೋದ ವರ್ಷ ಬೆಳಗಾವಿಯ ರವಿವಾರ ಪೇಟೆಯಲ್ಲಿ ಇಂಟರ್‌ನೆಟ್ ಅಂಗಡಿ ತೆರೆದ ಬಾಳಾಸಾಹೇಬ, ಹಾಡುಗಳನ್ನು ನೆಟ್ಟಿಗೆ ಹಾಕಿಕೊಡುತ್ತೇನೆ, ಯಾವ ಊರಿನವರಾದರೂ ಕೇಳಬಹುದು ಎಂದ. ಕೇಂದ್ರದವರೂ ಒಪ್ಪಿದರು. ನನಗೆ ಅದು ವ್ಯರ್ಥವೆನಿಸಿತ್ತು. ಫೋನಿನ ತಂತಿಯಲ್ಲಿ ನಿಂತು ನಿಂತು ಬರುವ ಹಾಡನ್ನು ಯಾರು ಕೇಳುತ್ತಾರೆ ಅಂದೆ.

"ಒಬ್ಬರಾದ್ರೂ ಕೇಳಲಿ," ಅಂದ ರಾಯಪ್ಪ. "ರೇಡಿಯೊದಾಗ ಶುಕ್ರವಾರ ತಪ್ಪಿದ್ರ ಹಾಡು ಹೋತು. ಅಲ್ಲಿದ್ರ ನಾ ಹೋದ ಮ್ಯಾಲೂ ಸಿಗತೈತಿ."

ಬೇಡ ಅಂದವಳು ಸಿದ್ದಕ್ಕ. ತಪ್ಪು ಬಾಳಾಸಾಹೇಬನದು. ಹಾಡು ಚೊಕ್ಕ ಇರಲಿ ಎಂದು ಅವನು ಕಂಪ್ಯೂಟರಿನಲ್ಲಿ ಹೂಂಗಳನ್ನೆಲ್ಲ ಅಳಿಸಿ, ನಮೂನೆಗೆಂದು ಒಂದು ಕ್ಯಾಸೆಟ್ ಕಳಿಸಿದ್ದ. ಕೇಳಿದ ಅವಳು, ನನ್ನ ಕುರಿಗಳನ್ನೆಲ್ಲ ಅಡವಿಯಲ್ಲಿ ಬಿಟ್ಟುಬಂದಿದ್ದಾನೆ ಎಂದು ಅದನ್ನು ತಮ್ಮನ ಕೈಗೆ ತಿರುಗಿ ಕೊಟ್ಟಳು. ಅವಳು ಒಪ್ಪದೆ ಒಂದು ಹಾಡನ್ನೂ ಹಾಕಿಸುವುದಿಲ್ಲ ಎಂದ ರಾಯಪ್ಪ ಊಟ ಬಿಟ್ಟವನಂತೆ ಆದ.

ಬಾಳಾಸಾಹೇಬ ಮೂಲ ಟೇಪಿನಲ್ಲಿದ್ದಂತೆಯೇ ಒಂದು ಹಾಡನ್ನು ಮತ್ತೆ ಸಿದ್ಧ ಮಾಡಿ, ಪರೀಕ್ಷೆಗೆಂದಷ್ಟೇ ನೆಟ್ಟಿಗೆ ಹಾಕಿದ. ಕೇಳಿಸಲು ರಾಯಪ್ಪ ಅಕ್ಕನನ್ನು ಅಂಗಡಿಗೆ ಕರೆತಂದ, ನಾನೂ ಹೋಗಿದ್ದೆ. ಹೊರಗಿನ ಮೆಣಸಿನಕಾಯಿ ಅಂಗಡಿಗಳ ಘಾಟಿಗೆ ಸೀನುತ್ತ ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಹಾಡು ಶುರುವಾಯಿತು. ಸ್ವಲ್ಪದರಲ್ಲೇ ನಿಂತಿತು. ಬಾಳಾಸಾಹೇಬ ಲೈನನ್ನು ಬೈದುಕೊಂಡ. ಇನ್ನು ಮುಗಿಯಿತು ಎಂದುಕೊಂಡೆ.

ಸಿದ್ದಕ್ಕ ತಮ್ಮನ ಕಡೆ ತಿರುಗಿದಳು. "ಬಾಯಾಗ ನೀರ ತುಂಬ್ಕೊಂಡಿಯೇನೋ? ಹೂಂ ಅನ್ನಲಿಲ್ಲ ನೀ, ಅದಕ್ಕ ನಿಂತೈತಿ."

ರಾಯಪ್ಪ ಹೂಂ ಅಂದ. ಹಾಡು ಮುಂದೆ ಹೋಯಿತು. ಮತ್ತೆ ನಿಂತಾಗ, ಬಾಜು ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡುತ್ತಿದ್ದ ಅಪರಿಚಿತನೊಬ್ಬ ತಲೆ ಎತ್ತದೆಯೇ ಹೂಂ ಅಂದ. ಸಿದ್ದಕ್ಕ ಅವನನ್ನೇ ನೋಡಿದಳು.

"ಇಲ್ಲೂ ಮಂದಿ ಅದಾರ," ಅಂದಳು. "ಹಾಕ್ರಿ ಎಲ್ಲಾ."

ಅವತ್ತು ರಾಯಪ್ಪ ವೈದ್ಯರ ಮಾತು ಮೀರಿ ಎರಡು ಕಪ್ ಚಹಾ ಕುಡಿದ. ಹೋದ ತಿಂಗಳು ಕೊನೆಯ ಟೇಪೂ ನೆಟ್ಟಿಗೆ ಹೋಯಿತು. ಆಮೇಲೆ ಅವನು ಏನನ್ನೂ ಬೇಕು ಅನ್ನಲಿಲ್ಲ, ಆಸ್ಪತ್ರೆಯೂ ಬೇಡ ಅಂದ.

ಸೋಮವಾರ ಬೆಳಿಗ್ಗೆ ಸಿದ್ದಕ್ಕ ಅವನ ತಲೆಯ ಹತ್ತಿರ ಕೂತು ಸಣ್ಣ ದನಿಯಲ್ಲಿ ಹಾಡುತ್ತಿದ್ದಳಂತೆ. ಕುರಿಗಳು ಹಳ್ಳ ದಾಟಿ ಹಟ್ಟಿಯ ಬಾಗಿಲಿಗೆ ಬಂದ ಸಾಲು. ಅವಳು ನಿಲ್ಲಿಸಿ ಕಾದಳು. ರಾಯಪ್ಪ ಹೂಂ ಅಂದ.